ಸಾವಿನ ಪಾತ್ರಕ್ಕೆ ಜನ ಬೇಕಾಗಿದ್ದಾರೆ

ಮೇಡಂ ನಿವೃತ್ತರಾದ ದಿನ ಓದಿದ ಬಿನ್ನವತ್ತಳೆಯನ್ನು ಬರೆದವನು ನಾನೇ. ಶಿಸ್ತಿನ ಸಿಪಾಯಿ, ಸರಳತೆಯ ಸಾಕಾರಮೂರ್ತಿ, ವಿದ್ಯಾರ್ಥಿಗಳ ಪಾಲಿನ ಕಾಮಧೇನು ಎಂದೆಲ್ಲ ಬರೆದಿದ್ದೆ. ಅದಕ್ಕೆ ಚೌಕಟ್ಟು ಹಾಕಿಸಿ, ಗಂಧದ ಹಾರದ ಜೊತೆ ಕೊಟ್ಟೆವು. ಅವರು ಕನ್ನಡಕ ಏರಿಸಿಕೊಂಡು ವೇದಿಕೆಯ ಮೇಲೆಯೇ ಅದನ್ನು ಪೂರ್ತಿ ಓದಿದರು. ಆಮೇಲೆ ನನ್ನ ಕಡೆ ಬಾಗಿ, "ಈಯಮ್ಮ ಯಾರು ಮೇಷ್ಟ್ರೇ? ಒಳ್ಳೆಯವರ ಥರ ಕಾಣ್ತಾರೆ. ನನಗೂ ಒಂದ್ಸಲ ಪರಿಚಯ ಮಾಡ್ಸಿ" ಎಂದರು.

ಆ ಮಾತಿಗೆ ಉತ್ತರ ಕೊಡಲು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹೆಸರು ಬರೆದ ಕೂಡಲೇ ನನ್ನ ಪೆನ್ನಿಗೆ ಬಿನ್ನವತ್ತಳೆಯ ಧಾಟಿ ಹತ್ತಿಕೊಳ್ಳುತ್ತದೆ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಬೇಕು. ನಾನು ದಿನಚರಿ ಬರೆಯುವವನು. ಅವರ ಜೊತೆ ಬಂಗಾರಪೇಟೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ಆರು ವರ್ಷಗಳ ನೋಟ್‌ಬುಕ್ಕುಗಳು ಮೇಜಿನ ಮೇಲಿವೆ. ಅವನ್ನು ತೆರೆದರೆ ನನ್ನ ನೆನಪಿನ ಮೇಲಿನ ನಂಬಿಕೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತದೆ. ನಾನು ಅವರನ್ನು ಮೊದಲು ನೋಡಿದಾಗ ಬೂದು ಸೀರೆ ಉಟ್ಟಿದ್ದರು ಎಂದು ಯಾರ ಮುಂದಾದರೂ ಹೇಳಬಲ್ಲೆ. ದಿನಚರಿಯಲ್ಲಿ "ಹಸಿರು ಸೀರೆ, ಬಿಳಿ ಕ್ಯಾನ್ವಾಸ್ ಶೂ" ಎಂದಿದೆ. ಶೂ ವಿಷಯದಲ್ಲಿ ಮಾತ್ರ ನಾನೂ ದಿನಚರಿಯೂ ಒಪ್ಪುತ್ತೇವೆ. ಸೀರೆಯ ಕೆಳಗೆ ಶೂ ಹಾಕಿಕೊಂಡು, ಕೆ.ಜಿ.ಎಫ್. ಕಡೆಯ ಕೋರಮಂಡಲ್ ನಿಲ್ದಾಣದಲ್ಲಿ ಹತ್ತಿದ ರೈಲು ಬಂಗಾರಪೇಟೆಯಲ್ಲಿ ಪೂರ್ತಿ ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು.

ಅವರ ವಿಷಯ ಇಂಗ್ಲಿಷ್. ಸೋಮವಾರದಿಂದ ಶುಕ್ರವಾರದವರೆಗೆ ಪಠ್ಯಪುಸ್ತಕ, ವ್ಯಾಕರಣ, ಪ್ರಶ್ನೆಪತ್ರಿಕೆ. ಅದರಲ್ಲಿ ಅವರು ನಮ್ಮೆಲ್ಲರ ಹಾಗೆಯೇ ಇದ್ದರು. ಶನಿವಾರ ಬೆಳಿಗ್ಗೆ ಕೊನೆಯ ಪೀರಿಯಡ್ ಮಾತ್ರ ಅವರದೇ ರಾಜ್ಯ. ಒಂಬತ್ತನೇ ತರಗತಿಯವರು ಅದನ್ನು "ಹಳೇ ಹಾಡು" ಎಂದು ಕರೆಯುತ್ತಿದ್ದರು. ಆರೇಳು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹಳ್ಳಿಗರು ಬಾಯಿಂದ ಬಾಯಿಗೆ ದಾಟಿಸಿದ ಕಥೆಹಾಡುಗಳು, ಬಂಡಿಯ ಮೇಲೆ ನಿಂತು ಆಡಿದ ನೀತಿನಾಟಕಗಳು. ಇವು ಯಾವ ಪರೀಕ್ಷೆಗೂ ಇರಲಿಲ್ಲ. ಎಂ.ಎ. ಓದುವಾಗ ತನಗೆ ಹಿಡಿದ ಹುಚ್ಚು, ವಾಸಿಯಾಗಲಿಲ್ಲ, ಅದಕ್ಕೇ ಅಂಟಿಸುತ್ತಿದ್ದೇನೆ ಎನ್ನುತ್ತಿದ್ದರು.

ಅಂಟಿಸುವ ರೀತಿಯೂ ಅವರದೇ. ಹಾಡನ್ನು ಬೋರ್ಡಿನ ಮೇಲೆ ಬರೆಯುವಂತಿಲ್ಲ, ನೋಟ್ಸ್ ಇಲ್ಲ. ಡಸ್ಟರಿನಿಂದ ಮೇಜಿನ ಮೇಲೆ ತಾಳ ಕುಟ್ಟುತ್ತ ಹೇಳಿಕೊಡುವರು. ನಾಲ್ಕು ಪೆಟ್ಟು, ಮೂರು ಪೆಟ್ಟು, ಮತ್ತೆ ನಾಲ್ಕು, ಮೂರು. ಪೀರಿಯಡ್ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳ ತಲೆಯೆಲ್ಲ ಸೀಮೆಸುಣ್ಣದ ಪುಡಿ. ಆಮೇಲೆ ಮನೆಗೆಲಸ. ಈ ಕಥೆಯನ್ನು ಮನೆಯಲ್ಲಿ ಯಾರಿಗಾದರೂ ಮನೆಮಾತಿನಲ್ಲಿ ಹೇಳಬೇಕು. ಕೇಳಿದವರು ಏನಾದರೂ ಪ್ರಶ್ನೆ ಕೇಳುತ್ತಾರಲ್ಲ, ಅದನ್ನು ಮುಂದಿನ ಶನಿವಾರ ತರಬೇಕು. ಉತ್ತರ ಬೇಡ, ಪ್ರಶ್ನೆ ಸಾಕು.

ನಮ್ಮ ತರಗತಿಗಳಲ್ಲಿ ಮನೆಮಾತು ಎಂದರೆ ಒಂದಲ್ಲ. ಕೆ.ಜಿ.ಎಫ್. ಕಡೆಯಿಂದ ಬರುವವರದು ತಮಿಳು, ಹಳ್ಳಿಗಳ ಅರ್ಧ ಮನೆಗಳಲ್ಲಿ ತೆಲುಗು, ಉಳಿದದ್ದು ಕನ್ನಡ. ಒಮ್ಮೆ ಅವರು ಗುಡ್ಡದ ಒಳಗೆ ಇಳಿದುಹೋದ ಅಣ್ಣನನ್ನು ಕರೆತರಲು ಹೋದ ತಂಗಿಯೊಬ್ಬಳ ಹಾಡು ಕಲಿಸಿದ್ದರು. ಒಳಗೆ ಅವಳು ಒಂದು ರಾತ್ರಿ ಕಳೆಯುತ್ತಾಳೆ, ಹೊರಗೆ ಏಳು ವರ್ಷ ಸರಿದಿರುತ್ತದೆ. ಮುಂದಿನ ಶನಿವಾರ ಕ್ಯಾಸಂಬಳ್ಳಿಯ ಹುಡುಗಿ ಎದ್ದು ನಿಂತಳು.

"ನಮ್ಮಜ್ಜಿ ಕೇಳ್ತು ಮೇಡಂ. ಅಣ್ಣಾನೂ ಇಲ್ಲ, ತಂಗೀನೂ ಇಲ್ಲ, ಏಳ್ ವರ್ಸ ಅಸೂನ ಕರೆದೋರು ಯಾರು ಅಂತ."

"ಹಾಡಲ್ಲಿ ಹಸು ಎಲ್ಲಿತ್ತು?"

"ಇಲ್ಲ ಮೇಡಂ. ಅಳ್ಳೀಲಿ ಮನೆ ಅಂದ್ಮೇಲೆ ಅಸು ಇರಲ್ವಾ ಅಂತು ಅಜ್ಜಿ."

ಗಣಿ ಕೆಲಸದಿಂದ ನಿವೃತ್ತರಾದ ತಾತನೊಬ್ಬರ ಪ್ರಶ್ನೆ ಬೇರೆ ಥರದ್ದು. ಅವರ ಮೊಮ್ಮಗ ಸೆಲ್ವ ತಂದಿದ್ದ. ಗುಡ್ಡದೊಳಗೆ ಎಷ್ಟು ಅಡಿ? ಮೇಲೆ ಗಂಟೆ ಹೊಡೆದವನು ಯಾರು? ಗಣಿಗೆ ಜನರನ್ನು ಇಳಿಸುವ ಕಬ್ಬಿಣದ ಪೆಟ್ಟಿಗೆ ಗಂಟೆ ಹೊಡೆಯದೆ ಅಲುಗುತ್ತಿರಲಿಲ್ಲವಂತೆ. ಗಂಟೆ ಹೊಡೆಯುವವನಿಲ್ಲದೆ ಆ ತಂಗಿ ಹೇಗೆ ಮೇಲೆ ಬಂದಳು ಎಂಬುದು ತಾತನಿಗೆ ಅರ್ಥವಾಗಿರಲಿಲ್ಲ. ಮೇಡಂ ಎರಡು ಪ್ರಶ್ನೆಗಳನ್ನೂ ಬೋರ್ಡಿನ ಮೇಲೆ ಬರೆದರು. ಹಾಡು ಬರೆಯದ ಬೋರ್ಡಿನಲ್ಲಿ ಪ್ರಶ್ನೆಗಳಿಗೆ ಜಾಗವಿತ್ತು. "ಇದಕ್ಕೆ ಹಾಡಲ್ಲಿ ಉತ್ತರ ಇಲ್ಲ. ನೀವೇ ಒಂದು ಪದ್ಯ ಕಟ್ಟಿ ಸೇರ್ಸಿ" ಎಂದರು. ಮಕ್ಕಳು ಕಟ್ಟಿದ್ದನ್ನು ನಾನು ದಿನಚರಿಯಲ್ಲಿ ಇಳಿಸಿಕೊಂಡಿದ್ದೇನೆ.

ಗುಡ್ಡದ ಒಳಗೆ ಗಂಟೆಯ ಸದ್ದು,
ಹೊಡೆದೋರು ಯಾರಣ್ಣ?
ಹಸುವಿನ ಕೆಚ್ಚಲು ತುಂಬಿದೆ ಬಾರೋ,
ಕರೆಯೋರು ಯಾರಣ್ಣ?

ಆ ವಾರ ಒಳ್ಳೆಯ ಪ್ರಶ್ನೆ ತಂದ ಇಬ್ಬರನ್ನೂ ಮೇಡಂ ಪಾನಿಪೂರಿ ತಿನ್ನಲು ಕರೆದುಕೊಂಡು ಹೋದರು. ಅದೂ ಅವರ ಪದ್ಧತಿಯೇ. ನಮ್ಮೂರ ಪಾನಿಪೂರಿಯ ನೀರು ತಿಳಿಯಾಗಿ ಕುಡಿಯುವ ನೀರಿನ ಹಾಗೆಯೇ ಕಾಣುತ್ತದೆ, ಬಾಯಿಗೆ ಹಾಕಿಕೊಂಡ ಮೇಲೆ ಖಾರ ಗೊತ್ತಾಗುತ್ತದೆ. "ಹಳೇ ಹಾಡೂ ಹಿಂಗೇ ಇರುತ್ತೆ ಮೇಷ್ಟ್ರೇ, ನೋಡೋಕೆ ನೀರು" ಎಂದು ಕಣ್ಣಲ್ಲಿ ನೀರು ಸುರಿಸುತ್ತ ಹೇಳಿದ್ದರು. ನಾನೂ ಜೊತೆಗಿದ್ದೆ. ಇದ್ದೆನೆಂದೇ ತೋರುತ್ತದೆ.

ಒಂದು ಸಲ ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರು ಶನಿವಾರವೇ ತಪಾಸಣೆಗೆ ಬಂದರು. ತರಗತಿಯ ಹೊರಗೆ ನಿಂತು ಕೇಳಿ, ಒಳಗೆ ಬಂದು, "ಈ ಹಾಡು ಬರೆದವರು ಯಾರು?" ಎಂದು ಒಬ್ಬ ಹುಡುಗನನ್ನು ಕೇಳಿದರು. ಅವನು ಯೋಚನೆ ಮಾಡಿ, "ಯಾರೂ ಬರ್ದಿಲ್ಲ ಸಾರ್. ಎಲ್ರೂ ಹಾಡವ್ರೆ. ಒಂದ್ ಸಾಲು ನಂದೈತೆ" ಎಂದ. ಅಧಿಕಾರಿ ಮೇಡಂ ಮುಖ ನೋಡಿದರು. ಮೇಡಂ, "ಸರಿಯಾದ ಉತ್ತರ ಸರ್" ಎಂದರು.

ಇಷ್ಟೆಲ್ಲ ಇದ್ದರೂ ಅವರಿಗೊಂದು ಕೊರತೆ ಇತ್ತು. ಹಾಡುಗಳು ಮಕ್ಕಳ ಬಾಯಿಗೆ ಬಂದಿದ್ದವು, ನೀತಿನಾಟಕ ಬಂದಿರಲಿಲ್ಲ. ಆ ನಾಟಕಗಳಲ್ಲಿ ಮನುಷ್ಯರ ಗುಣಗಳೇ ಪಾತ್ರಗಳು. ಜಂಬ ಎಂಬುವವನು ಬಾಗಿಲಿಂದ ಒಳಗೆ ಬರುತ್ತಾನೆ, ಹೊಟ್ಟೆಕಿಚ್ಚು ಎಂಬುವವಳು ಜಗಲಿಯ ಮೇಲೆ ಕೂರುತ್ತಾಳೆ, ಕೊನೆಗೆ ಸಾವು ತಾನೇ ನಡೆದುಕೊಂಡು ಬರುತ್ತದೆ. ಇದನ್ನು ಅವರು ಮೂವತ್ತು ವರ್ಷ ಬಾಯಿಮಾತಿನಲ್ಲೇ ವಿವರಿಸಿದ್ದರು. "ನನ್ನ ಸರ್ವೀಸಿನುದ್ದಕ್ಕೂ ಸಾವು ಅನ್ನೋದು ಬೋರ್ಡಿನ ಮೇಲೆ ಬರೆದ ಹೆಸರಾಗೇ ಉಳೀತು. ಒಂದ್ಸಲ ಅದು ಕಾಲ ಮೇಲೆ ನಡ್ಕೊಂಡು ಬರೋದನ್ನ, ಒಬ್ಬನ್ನ ಕರ್ಕೊಂಡು ಹೋಗೋದನ್ನ ನೋಡ್ಬೇಕು ಕಣ್ರೀ. ಆಮೇಲೆ ಮನೇಲಿ ಕೂರ್ತೀನಿ" ಎಂದು ಕೊನೆಯ ವರ್ಷದ ಜೂನ್‌ನಲ್ಲೇ ಹೇಳಿದ್ದರು. ನಿವೃತ್ತಿ ಫೆಬ್ರವರಿ ಕೊನೆಗೆ. ಶಾಲಾ ವಾರ್ಷಿಕೋತ್ಸವ ಅದರ ಹಿಂದಿನ ಶನಿವಾರ. ಇನ್ನೊಂದು ಅವಕಾಶ ಇರಲಿಲ್ಲ.

ನಾಟಕವನ್ನು ತರಗತಿಯೇ ಕಟ್ಟಿತು. ನಾಯಕ ನಾಳೆಪ್ಪ, ಎಲ್ಲವನ್ನೂ ನಾಳೆಗೆ ದೂಡುವವನು. ಓದು, ಸ್ನಾನ, ಸ್ನೇಹ, ಪಕ್ಕದ ಮನೆಯವನಿಗೆ ಕ್ಷಮೆ ಕೇಳುವುದು, ಎಲ್ಲ ಒಬ್ಬೊಬ್ಬರಾಗಿ ಅವನ ಬಾಗಿಲಿಗೆ ಬರುತ್ತವೆ. ಎಲ್ಲರಿಗೂ ನಾಳೆ ಬಾ ಎನ್ನುತ್ತಾನೆ. ಕೊನೆಗೆ ಬಂದ ಸಾವು ಅವನ ನೆಪ ಕೇಳುವುದಿಲ್ಲ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರೆ ಓದಿಕೊಂಡು ವಾಪಸ್ ಹೋಗಲ್ವಾ ಮೇಡಂ, ನಮ್ಮೂರಲ್ಲಿ ದೆವ್ವಕ್ಕೆ ಹಂಗೇ ಮಾಡ್ತಿದ್ರಂತೆ ಎಂದು ಒಬ್ಬ ಕೇಳಿದ. "ನಾನು ಮೂವತ್ತು ವರ್ಷ ಪಾಠ ಮಾಡಿದೋರಿಗೇ ಓದೋಕೆ ಬರಲ್ಲ. ದೆವ್ವಕ್ಕೆ ಓದೋಕೆ ಕಲಿಸಿದ್ದು ಯಾರಪ್ಪ?" ಎಂದರು ಮೇಡಂ. ಸಾವು ವಾಪಸ್ ಹೋಗಕೂಡದು ಎಂಬುದರಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಅದು ಹೋದರೆ ಆಟ ಮುಗಿಯುವುದಿಲ್ಲ ಎನ್ನುತ್ತಿದ್ದರು.

ನಾಳೆಪ್ಪನಾಗಿ ಆರಿಸಿದ್ದು ಕ್ಯಾಸಂಬಳ್ಳಿಯ ಆ ಹುಡುಗಿಯನ್ನು. ಕಾಡಿಗೆಯ ಮೀಸೆ ಬರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ಆಕಳಿಸಿದರೆ ತರಗತಿಯೇ ಆಕಳಿಸುತ್ತಿತ್ತು. ಸಾವಿನ ಪಾತ್ರ ಸೆಲ್ವನಿಗೆ. ಉದ್ದಕ್ಕಿದ್ದ, ದನಿ ಆಗತಾನೆ ಒಡೆದಿತ್ತು. ಅವನು ಮನೆಯಲ್ಲಿ ಮಾತುಗಳನ್ನು ಅಭ್ಯಾಸ ಮಾಡಿದ್ದೇ ಎಡವಟ್ಟಾಯಿತು. ಮನೆ ಎಂದರೆ ಗಣಿಯ ಕಾಲದ ಒಂದೇ ಕೋಣೆ. ಆ ಕೋಣೆಯಲ್ಲಿ ಗಂಟೆಯ ಪ್ರಶ್ನೆ ಕೇಳಿದ ತಾತ, ಗಣಿಯ ದೂಳಿನಿಂದ ಹಾಳಾದ ಶ್ವಾಸಕೋಶ ಹೊತ್ತು ಮಂಚದ ಮೇಲೆ ಮಲಗಿದ್ದರು. ಅವರ ಎದುರಿಗೆ ನಿಂತು ಇವನು, "ಎದ್ದೇಳು, ನಿನ್ನ ಹೊತ್ತಾಯಿತು" ಎಂದು ಗಟ್ಟಿಯಾಗಿ ಹೇಳಿದ್ದ.

ಮಾರನೆಯ ದಿನ ಸೆಲ್ವನ ತಾಯಿ ಶಾಲೆಗೆ ಬಂದರು. ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತದ್ದು ನನ್ನ ಕಣ್ಣ ಮುಂದಿದೆ. ಆದರೆ ದಿನಚರಿಯ ಪ್ರಕಾರ ಆ ದಿನ ನಾನು ಶಾಲೆಯಲ್ಲೇ ಇರಲಿಲ್ಲ, ಚುನಾವಣಾ ತರಬೇತಿಗೆ ಹೋಗಿದ್ದೆ. ಮೇಡಂ ಅಭಿನಯಿಸಿ ತೋರಿಸಿದ್ದನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿರಬೇಕು.

"ನಮ್ಮ ಮಾವ ನಕ್ಕುಬಿಟ್ರು ಮೇಡಂ, ಇನ್ನೂ ಜೋರಾ ಸೊಲ್ಲುಡಾ, ಜೋರಾಗಿ ಹೇಳೋ ಅಂದ್ರು" ಎಂದಿದ್ದರಂತೆ ಆಕೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. "ನಂಗೆ ಮಾತ್ರ ಕೇಳೋಕಾಗಲ್ಲ. ಯಾವ ವೇಸ ಬೇಕಾದ್ರೂ ಕೊಡಿ. ಅದೊಂದು ವೇಣಾಂ, ಬೇಡ."

"ನೀವು ಹೇಳೋದು ಸರಿಯಮ್ಮ. ನಾನು ಯೋಚನೆ ಮಾಡ್ಬೇಕಿತ್ತು" ಎಂದು ಮೇಡಂ ಆ ಕ್ಷಣವೇ ಪಾತ್ರ ಬದಲಿಸಿದರು. ಸೆಲ್ವ ಜಂಬ ಆದ. ಆದರೆ ಸುದ್ದಿ ಊರೂರಿಗೆ ಹೋಗಿ, ಸಾವಿನ ಪಾತ್ರಕ್ಕೆ ಯಾವ ಮನೆಯವರೂ ಒಪ್ಪಲಿಲ್ಲ. ಹತ್ತು ದಿನ ಉಳಿದಿತ್ತು. ಮೇಡಂ ನೋಟಿಸ್ ಬೋರ್ಡಿನ ಮೇಲೆ "ಸಾವಿನ ಪಾತ್ರಕ್ಕೆ ಜನ ಬೇಕಾಗಿದ್ದಾರೆ, ಅನುಭವ ಬೇಕಿಲ್ಲ" ಎಂದು ಚೀಟಿ ಅಂಟಿಸಿದರು. ಮುಖ್ಯೋಪಾಧ್ಯಾಯರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಸ್ಟಾಫ್ ರೂಮಿಗೆ ಬಂದರು. ಈ ಸಲ ನಾನು ಇದ್ದೆ.

"ಒಂದು ಕೆಲ್ಸ ಮಾಡಿ ಮೇಡಂ. ಸಾವನ್ನ ತೆಗ್ದು ಪ್ಲಾಸ್ಟಿಕ್ ಅಂತ ಇಟ್ಕೊಳ್ಳಿ."

"ಪ್ಲಾಸ್ಟಿಕ್ಕಾ ಸರ್?"

"ಕಾನ್ಸೆಪ್ಟ್ ಒಂದೇ ತಾನೆ? ಪ್ಲಾಸ್ಟಿಕ್ ಬರುತ್ತೆ, ನಾಳೆಪ್ಪ ಓಡಿಹೋಗ್ತಾನೆ. ಜಾಗೃತಿ ಆಗುತ್ತೆ. ಸರ್ಕ್ಯುಲರ್ ಕೂಡ ಬಂದಿದೆ."

"ಸಾವು ಬರೋದಕ್ಕೆ ಸರ್ಕ್ಯುಲರ್ ಬೇಕಾಗಿಲ್ಲ ಸರ್" ಎಂದರು ಮೇಡಂ, ಬಹಳ ವಿನಯದಿಂದ. ಮುಖ್ಯೋಪಾಧ್ಯಾಯರು ಒಳ್ಳೆಯವರು, ನಗು ತಡೆಯಲು ಮೀಸೆ ಸವರಿಕೊಂಡರು. ಆದರೂ ಗಡುವು ಹಾಕಿದರು. ಸೋಮವಾರದೊಳಗೆ ಪಾತ್ರಧಾರಿ ಸಿಗದಿದ್ದರೆ ನಾಟಕದ ಜಾಗದಲ್ಲಿ ಕೋಲಾಟ.

ನೀವೇ ಮಾಡಬಹುದಲ್ಲ ಎಂದು ನಾನು ಕೇಳಿದೆ. "ಮಕ್ಕಳು ನನ್ನ ನೋಡಿದ್ರೆ ಸಾವು ಅಂದ್ಕೊಳ್ಳಲ್ಲ ಮೇಷ್ಟ್ರೇ, ಇಂಗ್ಲಿಷ್ ಪರೀಕ್ಷೆ ಅಂದ್ಕೋತಾರೆ" ಎಂದರು. ನಗುತ್ತಲೇ ಹೇಳಿದ್ದು. ಆದರೆ ಆ ದಿನ ಮಧ್ಯಾಹ್ನ ಅವರ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದಿತ್ತು. ತಟ್ಟೆ ತೆಗೆಯಲು ಬಂದ ಬಿಸಿಯೂಟದ ಅಕ್ಕ ಅದನ್ನು ನೋಡಿ ಅಲ್ಲೇ ನಿಂತರು.

ಈ ಅಕ್ಕನ ಬಗ್ಗೆ ಹೇಳಬೇಕು. ಶಾಲೆಯ ಅಡುಗೆಯವರು, ಪಕ್ಕದ ಹಳ್ಳಿಯವರು. ಅಕ್ಷರ ಬಾರದು. ಮುನ್ನೂರು ಮಕ್ಕಳಲ್ಲಿ ಯಾರು ಸಾರು ಕಡಿಮೆ ಹಾಕಿಸಿಕೊಂಡರು ಎಂಬುದು ಮಾತ್ರ ಅವರಿಗೆ ಗೊತ್ತಿರುತ್ತಿತ್ತು.

"ಅದ್ಯಾವ್ದೋ ಯೇಸಕ್ಕೆ ಜನ ಸಿಗ್ತಿಲ್ವಂತೆ?" ಎಂದರು.

"ಹೂಂ ಅಕ್ಕ. ಸಾವಿನ ವೇಷ."

"ನಾನ್ ಮಾಡ್ಲಾ ಮೇಡಮ್ಮ? ನಮ್ಮನೇಗೆ ಎಲ್ಡ್ ಸಲ ಬಂದೋಗೈತೆ. ಅದ್ರ ಪರಿಚಯ ಐತೆ ನಂಗೆ."

ಮೇಡಂ ತಟ್ಟೆಯನ್ನು ಅವರ ಕೈಯಿಂದ ವಾಪಸ್ ತೆಗೆದುಕೊಂಡು ಅನ್ನ ಕಲಸತೊಡಗಿದರು.

ಮುಂದಿನ ಒಂದು ವಾರ ನನ್ನ ದಿನಚರಿಯ ಅತ್ಯಂತ ಉಲ್ಲಾಸದ ಪುಟಗಳು. ಊಟದ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಹಿಂದೆ ತಾಲೀಮು. ಮೇಡಂ ಡಸ್ಟರಿನ ಬದಲು ಸೌಟಿನಿಂದ ತಾಳ ಕುಟ್ಟಿ ಮಾತು ಹೇಳಿಕೊಡುವರು. ಅಕ್ಕನಿಗೆ ಹನ್ನೆರಡು ಸಾಲು, ಒಳ್ಳೆಯ ಗ್ರಾಂಥಿಕ ಕನ್ನಡ. "ಎಲೈ ಮಾನವನೇ" ಎಂದು ಶುರು. ಅಕ್ಕ "ಎಲೆ ಮಾನವ್ನೆ" ಎಂದಾಗಲೆಲ್ಲ ನಾಳೆಪ್ಪನ ಮೀಸೆ ಬೆವರಿನಲ್ಲಿ ಅಳಿಸುವಷ್ಟು ನಗು. "ನಗ್ಬೇಡ್ರಮ್ಮಿ, ನಿಮ್ನೇ ಕರ್ಕೊಂಡೋಯ್ತೀನಿ" ಎಂದು ಅಕ್ಕ ಗದರಿದರೆ ಮೇಡಂ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಗುರುವಾರದ ಹೊತ್ತಿಗೆ ಹನ್ನೆರಡೂ ಸಾಲು ಬಾಯಿಗೆ ಬಂದಿದ್ದವು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಶಾಮಿಯಾನದ ಕೆಳಗೆ, ನಾಟಕ. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಊರಿನವರು. ಸೆಲ್ವನ ತಾಯಿಯೂ ಬಂದಿದ್ದರು. ಜಂಬವಾಗಿ ಮಗ ಎದೆಯುಬ್ಬಿಸಿ ನಡೆದಾಗ ಅವರು ಚಪ್ಪಾಳೆ ತಟ್ಟಿದ್ದು ನನಗೆ ಕಂಡಿತು. ಸ್ನಾನ ಬಂದಿತು, ಸ್ನೇಹ ಬಂದಿತು, ನಾಳೆಪ್ಪ ಎಲ್ಲರನ್ನೂ ಸಾಗಹಾಕಿದ. ಮೇಡಂ ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಪರದೆಯ ಹಗ್ಗ ಹಿಡಿದು ನಾನು.

ಆಮೇಲೆ ಸಾವು ಬಂದಿತು. ಕರಿ ಕಂಬಳಿ ಹೊದ್ದ ಅಕ್ಕ ನಿಧಾನವಾಗಿ, ಅವಸರವಿಲ್ಲದೆ, ಬಡಿಸುವ ಸಾಲಿನಲ್ಲಿ ನಡೆಯುವ ಹಾಗೆಯೇ ನಡೆದು ಬಂದರು. ಹನ್ನೊಂದು ಸಾಲು ತಪ್ಪಿಲ್ಲದೆ ಹೇಳಿದರು. ಇನ್ನು ನಾಳೆಪ್ಪ "ದಯವಿಟ್ಟು ನಾಳೆ ಬಾ" ಎನ್ನಬೇಕು. ಹುಡುಗಿ ಅಷ್ಟು ಹತ್ತಿರದಲ್ಲಿ ಆ ಮುಖ ನೋಡಿ ಮಾತು ಮರೆತಳು. ಬಾಯಿಗೆ ಏನು ಬಂತೋ ಅದನ್ನೇ ಹೇಳಿದಳು.

"ನಾನಿನ್ನೂ ಉಂಡಿಲ್ಲಕ್ಕ."

"ಯಾಕಮ್ಮ ಉಂಡಿಲ್ಲ?" ಎಂದಿತು ಸಾವು, ಕಂಬಳಿ ಹಿಂದಕ್ಕೆ ಸರಿಸಿ.

ಶಾಮಿಯಾನವೇ ಹಾರಿಹೋಗುವಂತೆ ಜನ ನಕ್ಕರು. ಅಧಿಕಾರಿಗಳು ನಕ್ಕರು. ಮುಖ್ಯೋಪಾಧ್ಯಾಯರು ಪರದೆ ಬಿಡಿ ಎಂದು ನನಗೆ ಕೈಸನ್ನೆ ಮಾಡಿದರು. ನಾನು ಮೇಡಂ ಕಡೆ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು ಎಂದು ನೆನಪು. "ನಗುತ್ತಿದ್ದರು" ಎಂದು ದಿನಚರಿ. ಯಾವುದನ್ನು ನಂಬಲಿ? ಅವರ ಕೈ ನನ್ನ ಮಣಿಕಟ್ಟು ಹಿಡಿದದ್ದು ಮಾತ್ರ ಎರಡರಲ್ಲೂ ಇದೆ. "ಬಿಡ್ಬೇಡಿ, ಇರಿ."

ಅಕ್ಕ ನಾಳೆಪ್ಪನನ್ನು ಭುಜ ಹಿಡಿದು ಕೂರಿಸಿದರು. ಎದುರಿಗೆ ತಾವೂ ಕುಕ್ಕರಗಾಲಲ್ಲಿ ಕೂತರು. ಇಲ್ಲದ ತಟ್ಟೆ ಇಟ್ಟರು, ಇಲ್ಲದ ಮುದ್ದೆ ಹಾಕಿದರು, ಸಾರು ಬಿಟ್ಟರು. "ಉಣ್ಣು" ಎಂದರು. ಹುಡುಗಿ ಮುರಿದು, ಅದ್ದಿ, ನುಂಗಿದಳು. ನಗು ಕಡಿಮೆಯಾಯಿತು. ಅಕ್ಕ ಇನ್ನೊಂದು ಸೌಟು ಸಾರು ಬಿಟ್ಟರು. ಹುಡುಗಿ ನಿಧಾನ ಮಾಡಿದಳು, ಅವಳಿಗೆ ಗೊತ್ತಾಗಿತ್ತು. ಅಕ್ಕ ಅವಸರ ಮಾಡಲಿಲ್ಲ. ಕೆನ್ನೆಗೆ ಕೈ ಕೊಟ್ಟು ನೋಡುತ್ತ ಕೂತರು.

"ಸಾಕಾ?"

"ಹೂಂ."

"ಕೈ ತೊಳ್ಕೋ. ಓಗಾನ."

ನಾಳೆಪ್ಪ ಕೈ ತೊಳೆದುಕೊಂಡ. ಎದ್ದ. ಅಕ್ಕ ಸೆರಗಿನಿಂದ ಅವನ ಬಾಯಿ ಒರೆಸಿದರು, ಕಾಡಿಗೆಯ ಮೀಸೆ ಅರ್ಧ ಅಳಿಸಿತು. ಕೈ ಹಿಡಿದು, ವೇದಿಕೆಯ ಇನ್ನೊಂದು ಬದಿಗೆ ಕರೆದುಕೊಂಡು ಹೋದರು.

ಪರದೆ ಬಿಡುವುದನ್ನು ನಾನು ಮರೆತೆ. ಆಮೇಲೆ ಹಿಂದಿನ ಸಾಲುಗಳಿಂದ ಶುರುವಾಗಿ ಮುಂದಕ್ಕೆ ಬಂದ ಚಪ್ಪಾಳೆ ನಿಲ್ಲಲೇ ಇಲ್ಲ.

ವೇದಿಕೆಯ ಹಿಂದೆ ಅಕ್ಕ ಕಂಬಳಿ ಮಡಚುತ್ತ ನಿಂತಿದ್ದರು. ಮೇಡಂ ಹತ್ತಿರ ಹೋಗುತ್ತಲೇ ತಲೆ ತಗ್ಗಿಸಿದರು. "ತಪ್ಪಾಯ್ತು ಮೇಡಮ್ಮ. ಕೊನೇ ಸಾಲು ಬಿಟ್ಟೋಯ್ತು. ನಿಮ್ ನಾಟ್ಕ ಕೆಡ್ಸಿದೆ."

ಮೇಡಂ ಹಸ್ತಪ್ರತಿಯ ಕೊನೆಯ ಪುಟ ತೆರೆದು, ಪೆನ್ನಿನಿಂದ ಹನ್ನೆರಡು ಸಾಲಿನ ಮೇಲೂ ಗೆರೆ ಎಳೆದರು. "ಏನೇನು ಹೇಳಿದ್ರಿ, ಒಂದೊಂದೇ ಹೇಳಿ ಅಕ್ಕ. ಬರ್ಕೋತೀನಿ."

"ಏನೇಳ್ದೆ ಅಂತ ಗ್ಯಾನ ಇಲ್ಲ ಕಣ್ರಮ್ಮ" ಎಂದರು ಅಕ್ಕ. "ಮಗು ಉಂಡಿಲ್ಲ ಅಂತು. ಅಸ್ಕೊಂಡಿರೋರ್ನ ಎಂಗೆ ಕರ್ಕೊಂಡೋಗಾದು?"

ಮೇಡಂ ಬರೆದುಕೊಂಡರು.